ಸೀಲು ಬಿದ್ದ ರಜೆ

ನನ್ನ ಭಾವನಿಗೆ ಊರಿನಲ್ಲಿ ಒಬ್ಬಳು ಹೆಂಡತಿ, ಮೂವರು ಮಕ್ಕಳು ಇದ್ದಾರೆ. ಅದಲ್ಲದೆ ಧ್ರುವದ ಕಡೆಯ ತಣ್ಣನೆಯ ಕಡಲಿನಲ್ಲಿ ಸೀಲು ಎಂಬ ಮೀಸೆಯ ಪ್ರಾಣಿಗಳೂ ಕೆಲವು ಸಾವಿರ ಇವೆ. ಹೆಂಡತಿ ಮಕ್ಕಳು ಹೇಗಿದ್ದಾರೆ ಎಂದು ಕೇಳಿದರೆ "ಆರಾಮ ಇದ್ದಾರೆ" ಎಂದು ಮುಗಿಸುತ್ತಾರೆ. ಸೀಲುಗಳ ವಿಷಯ ಕೇಳಿ ನೋಡಿ! ಇಲ್ಲ, ಕೇಳಬೇಡಿ. ನಾನು ಕೇಳಿ ವಾರದ ರಜೆಯ ಒಂದು ಇಡೀ ಶುಕ್ರವಾರವನ್ನು ಕಳೆದುಕೊಂಡವನು.

ಭಾವ ಎಂದರೆ ನನ್ನ ಅಕ್ಕನ ಗಂಡ. ಕುವೈತಿನ ಶುವೈಖ್‌ನಲ್ಲಿ ಲಾರಿಗಳ ಬಿಡಿಭಾಗದ ಗೋದಾಮೊಂದರಲ್ಲಿ ಸ್ಟೋರ್ ಕೀಪರ್. ಕುಟುಂಬದ ವೀಸಾ ಸಿಗುವಷ್ಟು ಸಂಬಳವಿಲ್ಲ. ಹಾಗಾಗಿ ಅಕ್ಕ ಊರಿನಲ್ಲಿ, ಭಾವ ಮಹಬೂಲಾದ ಒಂದು ಫ್ಲ್ಯಾಟಿನಲ್ಲಿ, ನಮ್ಮ ಕಡೆಯ ಇನ್ನೂ ಏಳೆಂಟು ಗಂಡಸರ ಜೊತೆ. ಎಲ್ಲರೂ ಮದುವೆಯಾಗಿ ಮಕ್ಕಳಿರುವವರು. ಆದರೂ ಕಟ್ಟಡದ ಕಾವಲುಗಾರ ಅವರನ್ನು ಕರೆಯುವುದು "ಬ್ಯಾಚುಲರ್ಸ್" ಎಂದೇ!

ಆ ಫ್ಲ್ಯಾಟಿನಲ್ಲಿ ಏಪ್ರಿಲ್ ಎಂದರೆ ಕೇಕಿನ ತಿಂಗಳು. ಇವತ್ತು ಒಬ್ಬರು, ನಾಳೆ ಇನ್ನೊಬ್ಬರು ಮೊಬೈಲನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ, ಊರಿನಲ್ಲಿರುವ ಮಗುವಿಗೆ ಹುಟ್ಟುಹಬ್ಬದ ಹಾಡು ಹಾಡುತ್ತಾರೆ. ಎಲ್ಲರ ಮಕ್ಕಳೂ ಏಪ್ರಿಲ್‌ನಲ್ಲೇ ಹುಟ್ಟುವುದೆಂದರೆ ಇದೇನು ಪವಾಡವೇ? ಅಲ್ಲ. ಇವರಿಗೆಲ್ಲ ವರ್ಷದ ರಜೆ ಸಿಗುವುದು ಜುಲೈಯ ಸೆಕೆಯಲ್ಲಿ. ಮುಂದಿನದನ್ನು ಓದುಗರೇ ಲೆಕ್ಕ ಹಾಕಿಕೊಳ್ಳಲಿ. ನಾನು ಇಲ್ಲಿನದೇ ಒಂದು ಪತ್ರಿಕೆಯಲ್ಲಿ ಪುಟ ಕಟ್ಟುವವನು, ಖಚಿತವಾದುದನ್ನಷ್ಟೇ ದಾಖಲಿಸುತ್ತೇನೆ. ಭಾವನ ಮೊದಲ ಇಬ್ಬರು ಮಕ್ಕಳೂ ಏಪ್ರಿಲ್‌ನಲ್ಲಿ ಹುಟ್ಟಿದರು. ಏಪ್ರಿಲ್ ಗೋದಾಮಿನಲ್ಲಿ ಸ್ಟಾಕ್ ತೆಗೆಯುವ ತಿಂಗಳು. ಎರಡು ಹೆರಿಗೆಯ ಹೊತ್ತಿಗೂ ಭಾವ ಇಲ್ಲಿ ಬೇರಿಂಗ್ ಎಣಿಸುತ್ತಿದ್ದರು. ಜುಲೈಯಲ್ಲಿ ಅಪ್ಪನ ಮುಖ ಕಂಡಾಗ ಎರಡು ಮಕ್ಕಳೂ ಯಾರೋ ಕಳ್ಳ ಬಂದನೆಂಬಂತೆ ಕಿರುಚಿಕೊಂಡವು.

ಹತ್ತು ವರ್ಷಗಳ ನಂತರ ಅಕ್ಕ ಮತ್ತೆ ಬಸುರಿಯಾದಳು. ಡಾಕ್ಟರು ಕೊಟ್ಟ ತಾರೀಕು? ಏಪ್ರಿಲ್, ಮತ್ತೇನು!

"ಈ ಸಲ ನಾನು ಅಲ್ಲಿ ಇರ್ಬೇಕು ಮಾರಾಯ," ಎಂದರು ಭಾವ. ತಮಾಷೆ ಮಾಡುವ ಮುಖ ಅದಾಗಿರಲಿಲ್ಲ.

ಆ ದಿನಗಳಲ್ಲೇ ಸೀಲುಗಳು ಅವರ ಬಾಳಿನೊಳಗೆ ಬಂದದ್ದು. ಫ್ಲ್ಯಾಟಿನ ಟಿವಿಯಲ್ಲಿ ಯಾವುದೋ ಪ್ರಾಣಿಗಳ ಕಾರ್ಯಕ್ರಮ, ಭಾವ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ಕಾರ್ಯಕ್ರಮ ಮುಗಿಯುವಾಗ ಅಂಗಿಯ ಬೆನ್ನಿನಲ್ಲಿ ಇಸ್ತ್ರಿಪೆಟ್ಟಿಗೆಯ ಆಕಾರದ ತೂತು ಬಿದ್ದಿತ್ತು. ಅದನ್ನು ಲೆಕ್ಕಿಸದೆ ನನಗೆ ಫೋನ್ ಮಾಡಿದರು.

"ಸೀಲುಗಳಿಗೂ ನಮ್ಮ ಹಾಗೇ ವರ್ಷಕ್ಕೆ ಒಂದೇ ರಜೆ ಮಾರಾಯ!"

"ಎಂತ ರಜೆ ಭಾವ?"

"ವರ್ಷ ಇಡೀ ಸಮುದ್ರದಲ್ಲಿ ಡ್ಯೂಟಿ. ಒಂದೇ ಸಲ ದಡಕ್ಕೆ ಬರುವುದು. ಮರಿ ಹಾಕುವುದು, ಹಾಲು ಕೊಡುವುದು, ಮತ್ತೆ ಗಂಡನ ಭೇಟಿ, ಎಲ್ಲ ಆ ರಜೆಯಲ್ಲೇ ಮುಗಿಸ್ಬೇಕು. ಹೊಟ್ಟೆಯಲ್ಲಿ ಮರಿ ಬೆಳೀಲಿಕ್ಕೆ ಬೇಕಾದ್ದು ಎಂಟೊಂಬತ್ತು ತಿಂಗಳು. ಹಾಗೇ ಬಿಟ್ರೆ ಹೆರಿಗೆ ಎಲ್ಲಿ ಆಗ್ತದೆ? ನಡು ಸಮುದ್ರದಲ್ಲಿ! ಅದಕ್ಕೆ ಸೀಲು ಎಂತ ಮಾಡ್ತದೆ ಗೊತ್ತುಂಟಾ? ಪಿಂಡವನ್ನು ಬೆಳೆಯದ ಹಾಗೆ ಸುಮಾರು ಮೂರು ತಿಂಗಳು ಪಾರ್ಕಿಂಗ್ ಮಾಡ್ತದೆ! ಆಮೇಲೆ ಸ್ಟಾರ್ಟ್. ಸರೀ ಮುಂದಿನ ರಜೆಗೆ ದಡಕ್ಕೆ ಬಂದಾಗ ಹೆರಿಗೆ!"

ಸುದ್ದಿಮನೆಯ ಅಭ್ಯಾಸದಂತೆ ನಾನು ಎರಡು ಕಡೆ ಪರಿಶೀಲಿಸಿದೆ. ಪಾರ್ಕಿಂಗ್ ಎಂಬ ಶಬ್ದವೊಂದನ್ನು ಬಿಟ್ಟರೆ ಎಲ್ಲವೂ ನಿಜ. ಭ್ರೂಣ ಸೂಜಿಮೊನೆಯಷ್ಟಿರುವಾಗಲೇ ಬೆಳವಣಿಗೆ ನಿಲ್ಲಿಸಿ, ಗರ್ಭಕೋಶಕ್ಕೆ ಅಂಟಿಕೊಳ್ಳದೆ ತಿಂಗಳುಗಟ್ಟಲೆ ಕಾಯುತ್ತದೆ. ಆದರೆ ಪರಿಶೀಲನೆಯಲ್ಲಿ ಇನ್ನೊಂದು ಸಂಗತಿಯೂ ಸಿಕ್ಕಿತು.

"ಭಾವ, ಗಂಡು ಸೀಲು ತನ್ನ ಮರಿಯನ್ನು ತಿರುಗಿ ಸಹ ನೋಡುವುದಿಲ್ಲವಂತೆ."

"ಅದರ ಕರ್ಮ! ಊರಲ್ಲೇ ಇದ್ದು ನೋಡದವನ ಸುದ್ದಿ ನನಗೆಂತಕ್ಕೆ?"

ಮುಂದೆ ಎಲ್ಲೆಲ್ಲೂ ಸೀಲು. ಒಂದು ಬೆಳಿಗ್ಗೆ, "ಬೇಗ ಬಾ, ನಮ್ಮ ಬೀಚಿಗೆ ಸೀಲು ಬಂದಿದೆ!" ಎಂದು ಕರೆ. ಕುವೈತಿನ ಕಡಲಿನಲ್ಲಿ ಸೀಲೇ? ಸುಳ್ಳು ಸುದ್ದಿಯನ್ನು ಅಲ್ಲೇ ಮುಗಿಸಿಬಿಡೋಣವೆಂದು ಹೋದೆ. ನಿಜಕ್ಕೂ ಕಪ್ಪಗೆ, ದುಂಡಗೆ, ಒದ್ದೆಯಾಗಿ ಮಿರುಗುವ ತಲೆಯೊಂದು ನೀರಿನಲ್ಲಿ ಮುಳುಗಿ ಏಳುತ್ತಿತ್ತು. ಭಾವ ನನ್ನ ತೋಳು ಹಿಂಡಿದರು. "ಮೀಸೆ ನೋಡು, ಮೀಸೆ!" ಮೀಸೆಯೂ ಇತ್ತು! ತಲೆ ಹತ್ತಿರ ಬಂತು, ಎದ್ದು ನಿಂತಿತು, ಕಪ್ಪು ಈಜುಟೋಪಿ ತೆಗೆಯಿತು. ತುಂಬು ಹೊಟ್ಟೆಯ ಹಿರಿಯ ಕುವೈತಿಯೊಬ್ಬರು ನಗುತ್ತ "ಶ್ಲೋನಕ್?" ಎಂದು ಕ್ಷೇಮ ವಿಚಾರಿಸಿದರು. ಭಾವ ಮುಖ ಸಣ್ಣದು ಮಾಡಿಕೊಂಡು "ಅಲ್‌ಹಮ್ದುಲಿಲ್ಲಾ" ಎಂದರು.

ಅಕ್ಕನನ್ನೂ ಅವರು ಬಿಡಲಿಲ್ಲ. ವಿಡಿಯೋ ಕಾಲ್‌ನಲ್ಲಿ ಸೀಲಿನ ಕತೆಯೆಲ್ಲ ಹೇಳಿ, ಕೊನೆಗೆ ದನಿ ಇಳಿಸಿ ಕೇಳಿದರು, "ನೀನು ಸ್ವಲ್ಪ ತಡೀಲಿಕ್ಕೆ ಆಗ್ತದಾ? ಜುಲೈ ತನಕ?"

"ನಿಮ್ಮ ಮುದೀರ್ ಹತ್ರ ಹೇಳಿ, ಜುಲೈಯನ್ನು ಏಪ್ರಿಲ್‌ಗೆ ತರ್ಲಿಕ್ಕೆ," ಎಂದಳು ಅಕ್ಕ. "ನಾನು ಬಸುರಿ. ನಿಮ್ಮ ಗೋದಾಮಲ್ಲ, ಬೇಕಾದಾಗ ಶಟರ್ ತೆಗೀಲಿಕ್ಕೆ!"

ಮುದೀರ್ ಎಂದರೆ ಮ್ಯಾನೇಜರ್, ಈಜಿಪ್ಟಿನವರು. ಒಳ್ಳೆಯ ಮನುಷ್ಯ, ಆದರೆ ಸ್ಟಾಕ್ ಎಂದರೆ ಅವರಿಗೆ ಜೀವ. ಒಂದು ಬೆಳಿಗ್ಗೆ ಭಾವ ಹೋಗಿ ಬಾಯಿಮಾತಿನಲ್ಲಿ ಕೇಳಿದಾಗ, "ಏಪ್ರಿಲ್? ಮಾಫಿ ಲೀವ್!" ಎಂದುಬಿಟ್ಟರು. ಮಾಫಿ ಎಂದರೆ ಇಲ್ಲ. ಆ ಒಂದು ಶಬ್ದ ಗೊತ್ತಿಲ್ಲದೆ ಈ ದೇಶದಲ್ಲಿ ಯಾರ ದಿನವೂ ಮುಗಿಯುವುದಿಲ್ಲ. ಮಧ್ಯಾಹ್ನ ಭಾವ ರಜೆಯ ಅರ್ಜಿ ಬರೆದುಕೊಂಡು ಪುನಃ ಹೋದರು. ಮುದೀರ್‌ಗೆ ಸೀಲಿನ ಸಂಸಾರ ತಿಳಿಸಿದರೆ ಮನಸ್ಸು ಕರಗೀತೆಂಬುದು ಅವರ ಯೋಜನೆ. ಮುದೀರ್ ಎರಡು ಕಿವಿಗೆ ಎರಡು ಫೋನ್ ಹಿಡಿದು, ಬಂದರಿನಲ್ಲಿ ಸಿಕ್ಕಿಬಿದ್ದ ಕಂಟೇನರ್ ಒಂದಕ್ಕಾಗಿ ಕೂಗಾಡುತ್ತಿದ್ದರು.

"ಸರ್, ಸೀಲ್!" ಎಂದು ಭಾವ ಶುರು ಮಾಡಿದರು. "ಸೀಲ್ ವೆರಿ ಗುಡ್, ಸರ್. ತ್ರೀ ಮಂತ್ ವೇಟಿಂಗ್! ಬಟ್ ಮೈ ವೈಫ್ ಮಾಫಿ ಸೀಲ್!"

"ಮಾಫಿ ಸೀಲ್?"

"ಮಾಫಿ ಸೀಲ್, ಸರ್!"

"ತ್ರೀ ಮಂತ್ ವೇಟಿಂಗ್?" ಮುದೀರ್ ಒಂದು ಫೋನನ್ನು ಮೇಜಿನ ಮೇಲಿಟ್ಟರು. ಹೆಂಡತಿಯ ಯಾವುದೋ ಕಾಗದಕ್ಕೆ ಒಂದು ಸೀಲು ಹಾಕಲು ಮೂರು ತಿಂಗಳು ಕಾಯಿಸುವುದೇ? ಅದೂ ತಮ್ಮ ಆಫೀಸಿನಲ್ಲಿ? ಡ್ರಾಯರ್ ಎಳೆದರು, ರಬ್ಬರ್ ಸ್ಟ್ಯಾಂಪ್ ತೆಗೆದರು, ಅರ್ಜಿಯ ಮೇಲೆ ಧಡ್ ಎಂದು ಗುದ್ದಿದರು. "ಖಲಾಸ್! ಯಲ್ಲಾ!" ಮುಗಿಯಿತು, ಇನ್ನು ಹೊರಡು ಎಂದರ್ಥ.

ಗುಂಡಗಿನ ನೀಲಿ ಸೀಲು ಬಿದ್ದ ಕಾಗದವನ್ನು ಮತ್ತೆ ಓದುವವರುಂಟೆ? ರಜೆ ಮಂಜೂರಾಯಿತು, ಟಿಕೆಟೂ ಬಂತು. ಮುದೀರ್‌ಗೆ ವಿಷಯ ಗೊತ್ತಾಗುವಾಗ ಭಾವ ಮಂಗಳೂರಿನಲ್ಲಿ ಇಳಿದಾಗಿತ್ತು.

"ತಪ್ಪು ತಿಳಿದುಕೊಂಡಿದ್ದಾರೆ ಎಂದು ನೀವು ಅವರಿಗೆ ಹೇಳಲಿಲ್ಲವಾ?" ಎಂದು ನಾನು ಕೇಳಿದ್ದೆ.

"ಎಂತ ತಪ್ಪು? ನಾನು ಸೀಲ್ ಅಂದೆ, ಅವರು ಸೀಲ್ ಕೊಟ್ರು!"

ಆದರೆ ಆದದ್ದೇ ಬೇರೆ. ಡಾಕ್ಟರು ಕೊಟ್ಟ ತಾರೀಕು ಬಂತು, ಹೋಯಿತು. ಅಕ್ಕ ಆರಾಮವಾಗಿ ಜಗಲಿಯಲ್ಲಿ ಕುಳಿತು ಹುರಿಗಡಲೆ ತಿನ್ನುತ್ತಿದ್ದಳು. ಭಾವನ ರಜೆ ಸಣ್ಣದು, ಅದೂ ಕರಗುತ್ತಿತ್ತು. ದಿನಕ್ಕೆ ನಾಲ್ಕು ಸಲ ನನಗೆ ಫೋನ್.

"ಸೀಲಿನ ವಿದ್ಯೆಯನ್ನು ನಿನ್ನ ಅಕ್ಕ ಈಗ ಕಲಿತದ್ದಾ ಮಾರಾಯ? ನಾನು ವಿಮಾನ ಹತ್ತಿದ ಮೇಲೆ ಹೆರಿಗೆ ಆದ್ರೆ?"

ಹಿಂದಿನಿಂದ ಅಕ್ಕನ ದನಿ ಕೇಳಿತು. "ತಡಿ, ತಡಿ ಅಂತ ಹೇಳಿದ್ದು ಯಾರು? ಮಗು ಕೇಳಿಸ್ಕೊಂಡಿದೆ!"

ಆ ಕಡೆ ಮನೆಯವರೆಲ್ಲ ನಕ್ಕರು. ಭಾವ ಮಾತ್ರ ನಗಲಿಲ್ಲ.

ಅವರು ಹೊರಡುವ ಹಿಂದಿನ ದಿನ ಮಧ್ಯಾಹ್ನ ನನ್ನ ಫೋನ್ ಬಡಿದುಕೊಂಡಿತು. ಎತ್ತಿದರೆ ಯಾರೋ ಓಡಾಡುವ ಸದ್ದು.

"ಭಾವ? ಎಂತ ಆಯ್ತು?"

"ಹೆಣ್ಣು," ಎಂದರು. "ಇಬ್ಬರೂ ಆರಾಮ. ನನ್ನ ಕೈಯಲ್ಲೇ ಕೊಟ್ರು."

ಆಸ್ಪತ್ರೆಯ ಗದ್ದಲ ಕೇಳುತ್ತಿತ್ತು.

"ಮಗುವಿನ ಮೈ ಬಿಸಿ ಉಂಟು ಮಾರಾಯ."

"ಜ್ವರವಾ?"

"ನಾನೂ ಹಾಗೇ ಹೆದರಿದೆ. ನರ್ಸ್ ಹತ್ರ ಕೇಳಿದ್ರೆ ನಗ್ತಾಳೆ. ಹುಟ್ಟಿದ ಮಗು ಹಾಗೇ ಇರ್ತದಂತೆ. ಈಗಷ್ಟೇ ಒಲೆಯಿಂದ ಇಳಿಸಿದ ಹಾಗೆ." ಆಮೇಲೆ ಕೇಳಿದರು, "ದೊಡ್ಡವರಿಬ್ಬರೂ ಹೀಗೇ ಇದ್ರಾ?"

ಆ ವರ್ಷಗಳಲ್ಲಿ ನಾನು ಮಂಗಳೂರಿನ ಒಂದು ಪತ್ರಿಕೆಯಲ್ಲಿದ್ದೆ. ಎರಡು ಸಲವೂ ಹೆರಿಗೆ ಕೋಣೆಯ ಹೊರಗೆ ನಿಂತವನು ನಾನು. ನರ್ಸ್ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟದ್ದು ನನ್ನ ಕೈಗೆ. ತೂಕ, ಬಣ್ಣ, ತಲೆಯ ಕೂದಲು, ಎಲ್ಲವನ್ನೂ ಭಾವನಿಗೆ ಫೋನಿನಲ್ಲಿ ತಿಳಿಸಿದ್ದೆ. ಇದೊಂದನ್ನು ಅವರು ಕೇಳಿರಲಿಲ್ಲ. ಕೇಳಬೇಕೆಂದು ಗೊತ್ತಾಗುವುದಾದರೂ ಹೇಗೆ?

"ಹೌದು ಭಾವ," ಎಂದೆ. "ಇಬ್ಬರೂ ಹೀಗೇ ಬಿಸಿ ಇದ್ದರು."

"ಸರಿಯಾಗಿ ಹೇಳು. ಮೊದಲು ಮಗಳದ್ದು."

ಪುಟವನ್ನು ಅಚ್ಚಿಗೆ ಕಳಿಸುವ ಹೊತ್ತಾಗಿತ್ತು. ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಅವರ ಹಿರಿಯ ಮಗಳು ಹುಟ್ಟಿದ ಬೆಳಗಿನಿಂದ ಹೇಳತೊಡಗಿದೆ.