ಎರಡು ಐದು ಬಿದ್ದಾಗ

ಬಲ್ಗೇರಿಯದ ಪ್ಲೊವ್ದಿವ್ ಊರಿನ ಗಾಲಿನ್ ಒಂದು ಭಾಷೆಯನ್ನೇ ಕಟ್ಟಿದ್ದ, ಆಡುವವರು ಮಾತ್ರ ಇರಲಿಲ್ಲ. ಪದಗಳನ್ನು ತಾನೇ ಹುಟ್ಟಿಸಿ, ಸಾವಿರ ವರ್ಷ ಜನರ ಬಾಯಲ್ಲಿ ಉರುಳಿದರೆ ಹೇಗೆ ಸವೆದಾವೆಂದು ನಿಯಮ ಹಾಕಿ ಸವೆಸುತ್ತ, ಹಗಲೆಲ್ಲ ಕನಸಿನಲ್ಲೇ ತೇಲುತ್ತಿದ್ದ. ಒಬ್ಬರಾದರೂ ತನ್ನೊಡನೆ ಆ ಭಾಷೆಯಲ್ಲಿ ಎರಡು ಮಾತಾಡಿಯಾರೇ ಎಂಬ ಹಂಬಲ ಅವನ ಜೀವ ಹಿಂಡುತ್ತಿತ್ತು.

ಕೇರಿಯ ಅಂಗಳದ ದ್ರಾಕ್ಷಿ ಚಪ್ಪರದಡಿ ಪಗಡೆಯಂಥ ತಾಬ್ಲಾ ಆಡುವವರು ದಾಳದ ಅಂಕಿಗಳನ್ನು ಎಂದಿನಿಂದಲೂ ಪರಭಾಷೆಯಲ್ಲೇ ಕೂಗುವವರು. ಆರು-ಐದಕ್ಕೆ 'ಶೇಶ್ ಬೇಶ್' ಅನ್ನೋದು ಬಿಟ್ಟು ನನ್ನ ಅಂಕಿ ಕೂಗಿ ಎಂದು ಬೇಸಿಗೆಯ ಆರಂಭದಲ್ಲಿ ಗಾಲಿನ್ ಹಣ್ಣಿನ ಸಾರಾಯಿ ರಾಕಿಯಾ ಕುಡಿಸಿ ಒಪ್ಪಿಸಿದ್ದ. ಆಗ ಐದಕ್ಕೆ 'ಪೆಲೆಮತೋ' ಎಂದಿತ್ತು. ಆಮೇಲೆ ಮನೆ ಸೇರಿದವನು ಆ ಕಡೆ ತಲೆಹಾಕಿರಲಿಲ್ಲ.

ಇಂದು ಭಾಷೆ ಕಟ್ಟುವವರ ಕೂಟದಿಂದ ರಾಲಿತ್ಸಾ ಪರೀಕ್ಷಿಸಲು ಬರುವವಳಿದ್ದಳು. ಆಡುವವರಿದ್ದರೆ ಅದು ಜೀವಂತ ಭಾಷೆಯೆಂದು ಕೂಟ ಒಪ್ಪುತ್ತದೆ. ಗಾಲಿನ್ ಬೆಳಿಗ್ಗೆಯೇ ಚಪ್ಪರಕ್ಕೆ ಓಡಿದ.

"ಮಿಂಚೊ ಮಾವ, ಐದಕ್ಕೆ ಇನ್ಮೇಲೆ 'ಪೆಲ್ತ್' ಅನ್ನಿ. ಸಾವಿರ ವರ್ಷ ಕಳೀತು."

"ಯಾವಾಗಲೋ? ನಾನಿಲ್ಲೇ ಕೂತಿದ್ನಲ್ಲ!"

ಅಷ್ಟರಲ್ಲಿ ಪೆನ್ಕಾ ಅಜ್ಜಿ ದಾಳ ಎಸೆದು, "ಪೆಪ್ಪೆ!" ಎಂದು ಕಿರುಚಿದಳು.

"ಅದೇನಜ್ಜಿ, ನನ್ನ ಭಾಷೇಲಿ ಇಲ್ಲವೇ ಇಲ್ಲ!"

"ಎರಡು ಐದು ಕಣೋ. ಒಂದಾದ್ರೆ 'ಪೆಂ'. ನಿನ್ನ ಪೆಲೆಮತೋ ಹೇಳಿ ಮುಗಿಸೋಷ್ಟರಲ್ಲಿ ಮಿಂಚೊ ಕಾಯಿ ಕದ್ದಿರ್ತಾನೆ."

"ಅಯ್ಯೋ, ತಪ್ಪು! ಪೆಲ್ತ್, ಪೆಲ್ತ್!" ಎಂದು ಗಾಲಿನ್ ನಡುವೆ ನುಗ್ಗಿದ. ಮೊಣಕೈ ತಗುಲಿ ಕಾಫಿ ಹಲಗೆಯ ಮೇಲೆ ಚೆಲ್ಲಿತು, ಕಾಯಿಗಳು ತೇಲಿದವು. ಗೆಲ್ಲುವ ಆಟ ಕೆಟ್ಟಿತೆಂದು ಅಜ್ಜಿ ಚಪ್ಪಲಿ ಕೈಗೆತ್ತಿಕೊಂಡಳು. ರಾಲಿತ್ಸಾ ಆಗಲೇ ಬಂದು ಅಂಗಳದ ಬಾಗಿಲಲ್ಲಿ ನಿಂತಿದ್ದಳು.

ಗಾಲಿನ್‌ಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವಳೋ ಕಣ್ಣು ಮುಚ್ಚಿ, ಜೋಗುಳ ಕೇಳುವವಳಂತೆ ತಲೆದೂಗುತ್ತಿದ್ದಳು.

"ಪೆಂ... ಪೆಪ್ಪೆ... ಎಷ್ಟು ಚೆನ್ನಾಗಿ ಅಂಕುಡೊಂಕಾಗಿದೆ! ಇದು ಕೂತು ಕಟ್ಟಿದ್ದಲ್ಲ, ಬಾಯಲ್ಲೇ ಬೆಳೆದಿದ್ದು."

"ಕಟ್ಟಿದ್ದು ನಾನೇ!"

"ಹೌದಾ? ಎಣಿಸಿ ನೋಡೋಣ."

ಗಾಲಿನ್ ಎದೆಯುಬ್ಬಿಸಿ, ತನ್ನ ಸಾವಿರ ವರ್ಷದ ನಿಯಮದಂತೆ ಒಂದರಿಂದ ಆರರವರೆಗೆ ಎಣಿಸಿದ. ಚಪ್ಪರವೇ ಬಿದ್ದು ಬಿದ್ದು ನಕ್ಕಿತು.

ರಾಲಿತ್ಸಾ ಮೃದುವಾಗಿ ಅವನ ಭುಜ ತಟ್ಟಿದಳು. "ಭಾಷೆಯನ್ನು ಕೂಟ ಒಪ್ಪುತ್ತೆ. ನೀವೂ ಪರವಾಗಿಲ್ಲ, ಹೊಸದಾಗಿ ಕಲಿತವರಿಗೆ ಇಷ್ಟು ಬಂದ್ರೆ ಹೆಚ್ಚೇ."

ಅಜ್ಜಿಗೆ ಕರುಳು ಚುರುಕ್ಕೆಂದಿತು. ಚಪ್ಪಲಿ ಕೆಳಗಿಟ್ಟು, ಹಲಗೆ ಒರೆಸಿ, ಅವನಿಗೊಂದು ಕುರ್ಚಿ ಎಳೆದಳು.

"ಬಾ ಮಗಾ, ಕೂತ್ಕೋ. ಏ ಮಿಂಚೊ, ಪಾಪ, ಇವನಿರೋವಾಗ ಬಲ್ಗೇರಿಯನ್‌ನಲ್ಲೇ ಎಣಿಸೋ. ಇವನಿಗೆಲ್ಲಿ ಅರ್ಥ ಆಗುತ್ತೆ!"