ಒಮ್ಮೆಯೂ ಓದದ ಟೇಪು

ಮಹತ್ವದ ವಸ್ತುವೊಂದು ಕೈಗೆ ಬಂದರೆ ಮನುಷ್ಯನ ನಡಿಗೆಯೇ ಬದಲಾಗುತ್ತದೆ. ಶಾಲೆಯಲ್ಲಿ ಹಾಜರಿ ಪುಸ್ತಕ ಒಯ್ಯಲು ಗುರುಗಳು ನನ್ನನ್ನು ಆರಿಸಿದ ದಿನ ನಾನು ನೆಲ ನೋಡದೆ ನಡೆದು, ಹೊಸ್ತಿಲು ಎಡವಿ, ಹೆಡ್ ಮಾಸ್ತರರ ಕಾಲ ಬುಡದಲ್ಲೇ ಬಿದ್ದಿದ್ದೆ. ಅವರು ಅದನ್ನು ನಮಸ್ಕಾರವೆಂದು ತಿಳಿದು ಆಶೀರ್ವಾದ ಮಾಡಿದರು. ಮೂವತ್ತು ವರ್ಷಗಳ ಮೇಲೆ ಅದೇ ನಡಿಗೆ ನನಗೆ ಮತ್ತೆ ಬಂದಿತು. ಈ ಸಲ ಕೈಯಲ್ಲಿದ್ದದ್ದು ಟೇಪು.

ಶಿಗ್ಗಾವಿಯಲ್ಲಿ ಕೆರೆ, ಕಾಲುವೆಗಳ ನಕ್ಷೆ ತಯಾರಿಸುವ ಚಿಕ್ಕ ಕಚೇರಿ ನಮ್ಮದು. ಐದು ಕಂಪ್ಯೂಟರುಗಳು, ಅವನ್ನು ಒಂದಕ್ಕೊಂದು ಜೋಡಿಸಿದ ತಂತಿ, ಎಲ್ಲರ ಕೆಲಸವೂ ಹೋಗಿ ಕೂಡುವ ಒಂದು ದೊಡ್ಡ ಡಿಸ್ಕು. ಆ ಡಿಸ್ಕು ಕೆಟ್ಟರೆ ಗತಿಯೇನು ಎಂದು, ಅದರಲ್ಲಿರುವುದನ್ನೆಲ್ಲ ದಿನಾ ಸಂಜೆ ನಕಲು ಮಾಡಿಡಲು ಟೇಪ್ ಡ್ರೈವ್ ಎಂಬ ಪೆಟ್ಟಿಗೆ ತಂದರು. ಅದರ ಬಾಯಿಗೆ ಕೊಡುವ ಟೇಪು ಅಂಗೈಯಗಲದ ಚೌಕ ಡಬ್ಬಿ. ಒಳಗೆ ಹಳೆಯ ಹಾಡಿನ ಕ್ಯಾಸೆಟ್ಟಿನಲ್ಲಿರುವಂಥದೇ ಸುರುಳಿ. ಕಚೇರಿಗೆ ಬೆಂಕಿ ಬಿದ್ದರೂ ನಕಲು ಉಳಿಯಬೇಕು, ಅದಕ್ಕಾಗಿ ಒಂದು ಟೇಪು ಯಾವಾಗಲೂ ಬೇರೆ ಊರಿನಲ್ಲಿರಬೇಕು ಎಂಬುದು ನಿಯಮ. ನಾನು ಸವಣೂರಿನಿಂದ ಬಸ್ಸಿನಲ್ಲಿ ಓಡಾಡುವವನಾದ್ದರಿಂದ ಈ ಜವಾಬ್ದಾರಿ ನನ್ನ ಹೆಗಲಿಗೆ, ಅಂದರೆ ಊಟದ ಡಬ್ಬಿಯ ಚೀಲಕ್ಕೆ, ಬಂದಿತು.

ಮೊದಲ ದಿನ ಅದನ್ನು ಮನೆಯ ಟ್ರಂಕಿನಲ್ಲಿ ಇಡುತ್ತಿದ್ದಾಗ ಹೆಂಡತಿ ಶಾಂತಾ ಕೇಳಿದಳು, "ಇದರಾಗ ಯಾರ ಹಾಡು ಅದಾವ್ರಿ?"

"ಹಾಡಲ್ಲ. ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರ, ನಾಕೂ ತಾಲೂಕಿನ ಕೆರಿ ಅದಾವು."

"ಹಂಗಿದ್ರ ನನ್ನ ಇಳಕಲ್ ಸೀರಿ ಮ್ಯಾಲ ಇಡಬ್ಯಾಡ್ರಿ. ತೊಯ್ದೀತು."

ಆರು ವರ್ಷ ಒಂದು ಸಂಜೆಯೂ ತಪ್ಪಲಿಲ್ಲ. ಟೇಪು ಹಾಕುವುದು, ಅದು ಗುಂಯ್‌ಗುಟ್ಟಿ ಹೊರಬರುವುದು, ಮೇಲೆ ಚೀಟಿ ಅಂಟಿಸುವುದು. ತಾರೀಖು ಬರೆಯುವುದು ಯಾರಿಗಾದರೂ ಬರುತ್ತದೆ. ನಾನು ಅರ್ಥವಾಗುವಂತೆ ಬರೆಯುತ್ತಿದ್ದೆ: 'ಹೊಸದು', 'ಬಹಳ ಹೊಸದು', 'ಇದೇ ಸರಿ', 'ಇದೇ ಸರಿ, ಎರಡು', 'ಮುಟ್ಟಬಾರದು'. ಶನಿವಾರಗಳಂದು 'ಮುಟ್ಟಬಾರದು' ಹಾಕುತ್ತಿದ್ದೆ. ಅದು ಒಂದೇ ನಿಮಿಷದಲ್ಲಿ ಮುಗಿದು ಹೊರಬರುತ್ತಿದ್ದುದರಿಂದ ಆ ಟೇಪಿನ ಮೇಲೆ ನನಗೆ ವಿಶೇಷ ಪ್ರೀತಿಯಿತ್ತು. ಐದೂವರೆಯ ಬಸ್ಸು ಸಿಗುತ್ತಿತ್ತು.

ಈ ವರ್ಷ ಮಳೆಗೆ ಮುಂಚೆ, ಒಂದು ಶುಕ್ರವಾರ ಬೆಳಿಗ್ಗೆ ಡಿಸ್ಕು ಟಕ್ ಟಕ್ ಎಂದಿತು, ಸುಮ್ಮನಾಯಿತು. ಅದೇ ಹೊತ್ತಿಗೆ ಹಿರೇಬೆಂಡಿಗೇರಿಯಿಂದ ಫಕ್ಕೀರಪ್ಪಜ್ಜ ಬಂದರು. ಎಂಬತ್ತರ ಆಸುಪಾಸಿನ ರೈತ. ಊರಿನ ಹಳೆಯ ಕಾಲುವೆಗಳೆಲ್ಲ ಮಣ್ಣಿನಡಿ ಮುಚ್ಚಿಹೋಗಿದ್ದವು. ಅವು ಎಲ್ಲೆಲ್ಲಿ ಹಾಯುತ್ತಿದ್ದವೆಂದು ಬಲ್ಲವರು ಇವರೊಬ್ಬರೇ. ಹೋದ ಬೇಸಿಗೆಯಲ್ಲಿ ಕೋಲೂರಿಕೊಂಡು ಎಂಟು ದಿನ ನಡೆದು, ನಮ್ಮ ನಕ್ಷೆ ಬರೆಯುವ ರೇಣುಕಾಳಿಗೆ ಎಲ್ಲವನ್ನೂ ತೋರಿಸಿದ್ದರು. ಈಗ ಆ ನಕ್ಷೆಯನ್ನು ಒಯ್ಯಲು ಬಂದಿದ್ದರು.

ರೇಣುಕಾ ಬಿಳುಚಿಕೊಂಡು ನನ್ನ ಮೇಜಿಗೆ ಬಂದಳು. "ಸರ, ಅಜ್ಜಾರ ನಕ್ಷೆ ಬರವಲ್ದ್ರಿ. ಏನೂ ಬರವಲ್ದು."

"ಯಾಕ ಹೆದರ್ತೀಯವಾ? ಟೇಪ್ ಐತಲ್ಲ," ಎಂದೆ. ಈ ಮಾತು ಹೇಳಲು ಆರು ವರ್ಷ ಕಾದಿದ್ದೆ.

"ನಾಳೆ ಮುಂಜಾನೆ ಹೂಳು ತಗಿಯೋ ಮಷಿನ್ ಬರತೈತ್ರಿ," ಎಂದರು ಅಜ್ಜ. "ಮತ್ತ ಅಡ್ಡಾಡಿ ತೋರಸ್ತೇನಿ ಅಂದ್ರ ನನ್ನ ಮೊಣಕಾಲು ಕೈಕೊಟ್ಟಾವು."

ಅಂದು ಬೆಳಿಗ್ಗೆ ಮನೆಯಿಂದ ತಂದಿದ್ದನ್ನೂ ಸೇರಿಸಿ ಟೇಪುಗಳನ್ನು ಸಾಲಾಗಿ ಇಟ್ಟೆ. "ಇದರಾಗ ಯಾವುದ್ರಿ ಸರ?" ಎಂದಳು ರೇಣುಕಾ. ಆಗ ನನಗೆ ಎರಡು ಸಂಗತಿಗಳು ಹೊಳೆದವು. ನನ್ನ ಚೀಟಿಗಳು ನನಗೂ ಅರ್ಥವಾಗುತ್ತಿರಲಿಲ್ಲ. ಮತ್ತು, ಟೇಪಿಗೆ ಬರೆಯುವುದು ಗೊತ್ತಿದ್ದ ನನಗೆ ಅದರಿಂದ ಓದುವುದು ಗೊತ್ತಿರಲಿಲ್ಲ.

ಡ್ರೈವಿನ ಜೊತೆ ಬಂದಿದ್ದ ಪುಸ್ತಕ ಹುಡುಕಿ, ಧೂಳು ಕೊಡವಿ, ಪುಟ ನೋಡಿ ಶುರುಮಾಡಿದೆವು. ಅಷ್ಟು ಜೋಪಾನ ಮಾಡಿದ್ದ 'ಮುಟ್ಟಬಾರದು' ಟೇಪು ಬರೆಯುವ ಟೇಪೇ ಅಲ್ಲ. ಡ್ರೈವಿನ ಒಳಭಾಗ ಒರೆಸುವ ಟೇಪು. ಆರು ವರ್ಷ ಪ್ರತಿ ಶನಿವಾರ ನಾನು ನಕಲು ಮಾಡಿರಲಿಲ್ಲ, ಕಸ ಹೊಡೆದಿದ್ದೆ. 'ಬಹಳ ಹೊಸದು' ತೆರೆದರೆ ಹೋದ ದೀಪಾವಳಿಯ ರಜೆಯ ಪಟ್ಟಿ ಬಂತು; ಸುರುಳಿ ಸವೆದು, ಆಮೇಲಿನ ನಕಲು ಅದಕ್ಕೆ ಹತ್ತಿರಲೇ ಇಲ್ಲ. 'ಹೊಸದು', 'ಇದೇ ಸರಿ' ಎರಡೂ ಖಾಲಿ ಬಂದವು. ಒಂದೊಂದು ಟೇಪಿಗೂ ಗಂಟೆಗಟ್ಟಲೆ. ಅಜ್ಜ ಚಹಾ ಕುಡಿಯುತ್ತ ಡ್ರೈವಿನ ಎದುರಿಗೇ ಕೂತು, ಅದರ ಹಸಿರು ದೀಪವನ್ನು ನೋಡುತ್ತಿದ್ದರು.

"ಒಳಗ ಏನ್ ಮಾಡಾಕತ್ತೈತ್ರಿ ಅದು?"

"ಹುಡುಕಾಕತ್ತೈತ್ರಿ ಅಜ್ಜಾರ."

"ನನಗೂ ಹಂಗ ಆಗತೈತಿ. ಮಾರಿ ಕಾಣತೈತಿ, ಹೆಸರು ನೆನಪಾಗೂದಿಲ್ಲ. ಅವಸರ ಮಾಡಬ್ಯಾಡ್ರಿ, ಬರತೈತಿ."

ಮಧ್ಯಾಹ್ನ ಮೂರಕ್ಕೆ 'ಇದೇ ಸರಿ, ಎರಡು' ಟೇಪಿನಿಂದ ಹಿರೇಬೆಂಡಿಗೇರಿ ತೆರೆಯ ಮೇಲೆ ಮೂಡಿತು. ರೇಣುಕಾ ಚಪ್ಪಾಳೆ ತಟ್ಟಿದಳು, ಮರುಕ್ಷಣವೇ ಕೈ ನಿಲ್ಲಿಸಿದಳು. ಅದು ಇಪ್ಪತ್ತು ದಿನ ಹಿಂದಿನ ನಕ್ಷೆ. ಮೂಡಣ ದಿಕ್ಕಿನ ಕಾಲುವೆಯನ್ನು ಅವಳು ಬರೆದದ್ದು ಆಮೇಲೆ.

ಅಜ್ಜ ಕನ್ನಡಕ ಏರಿಸಿ ತೆರೆಯ ಮೇಲೆ ಬೆರಳಿಟ್ಟರು. "ಇದು ಹುಣಸೀಗಿಡ ಅಲ್ಲೇನವಾ? ಇಲ್ಲಿಂದ ಹದಿನೆಂಟು ಹೆಜ್ಜಿ ಕೆಳಗ ಬಾ. ಹಾಂ, ಅಲ್ಲೊಂದು ಗುಂಡಕಲ್ಲು. ಅದನ್ನ ಬಳಸಿ ಎಡಕ್ಕ ಹೊಳ್ಳು." ಅವರ ಬೆರಳಿನ ಹಿಂದೆ ರೇಣುಕಾಳ ಗೆರೆ ನಡೆಯಿತು. ಐದು ಗಂಟೆಗೆ ಕಾಲುವೆ ಕೆರೆಗೆ ಕೂಡಿತು. ನಕ್ಷೆ ಅಚ್ಚಾಯಿತು. ಮರುದಿನ ಮಷಿನ್ನು ಅಗೆದಲ್ಲೆಲ್ಲ ಹಳೆಯ ಕಲ್ಲಿನ ಕಾಲುವೆಯೇ ಸಿಕ್ಕಿತೆಂದು ಆಮೇಲೆ ಸುದ್ದಿ ಬಂತು.

ಅಂದು ಸಂಜೆ ಅಜ್ಜನನ್ನು ಬಸ್ಸು ಹತ್ತಿಸಲು ನಾನೇ ಹೋದೆ. ಅವರು ಮೆಟ್ಟಿಲ ಮೇಲೆ ನಿಂತು, "ನಮ್ಮೂರಾಗ ಕೆರಿ ತೂಬು ತಗದು ನೀರು ಬಿಡಾಂವ ಒಬ್ಬ ಇದ್ನ್ರಿ," ಎಂದರು. "ಬಾಳ ನೇಮದ ಮನಶ್ಯಾ. ಮಳಿ ಇರಲಿ, ಜ್ವರ ಇರಲಿ, ಒಂದಿನ ತಪ್ಪಿಸ್ಲಿಲ್ಲ. ನಿಮ್ಮನ್ನ ನೋಡಿ ಅವನ ನೆನಪಾತು."

ಎದೆ ತುಂಬಿ ಬಂತು. ದಾರಿಯುದ್ದಕ್ಕೂ ಆ ಮಾತನ್ನು ಮೆಲುಕು ಹಾಕುತ್ತ ಮನೆಗೆ ಬಂದು, ರೊಟ್ಟಿ ಬಡಿಯುತ್ತಿದ್ದ ಶಾಂತಾಳಿಗೆ ಒಂದಕ್ಷರ ಬಿಡದೆ ಹೇಳಿದೆ. ಅವಳು ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರುತ್ತ ಕೇಳಿದಳು:

"ಅಂವ ತೂಬು ತಗದ್ರ ನೀರು ಹೊಲಕ್ಕ ಮುಟ್ತಿತ್ತಂತೇನ್ರಿ?"

ಅದನ್ನು ನಾನು ಕೇಳಿರಲಿಲ್ಲ.