ಭಾವನ ಭುಜ ಮತ್ತು ಬಾಕ್

ಅಂಪೈರ್ ಆಗಬೇಕಿದ್ದ ಹಲ್ಲಿನ ಡಾಕ್ಟರು ಬೆಳಿಗ್ಗೆಯೇ ಕಾಲು ಉಳುಕಿಸಿಕೊಂಡರು. ಎಲ್ಲ ಅನಾಹುತಕ್ಕೂ ಅದೇ ಮೂಲ.

ಪ್ರೆಸ್ಸಿಗೂ ಬೇಕರಿಗೂ ಅಂದು ಬೇಸ್‌ಬಾಲ್ ಸೆಮಿಫೈನಲ್. ಪ್ರೆಸ್ಸಿನ ಯಜಮಾನರು ತಮ್ಮಲ್ಲಿ ಕರಡು ತಿದ್ದುವವನ ಹೆಗಲ ಮೇಲೆ ಕೈ ಹಾಕಿದರು. "ನಿಯಮದ ಪುಸ್ತಕ ಅಚ್ಚಾಗಿದ್ದು ನಮ್ಮಲ್ಲಿ, ತಿದ್ದಿದ್ದು ನೀನು. ನಿನಗಿಂತ ಬಲ್ಲವರು ಯಾರಯ್ಯಾ?"

"ಸಾರ್, ನಾನು ನೋಡಿದ್ದು ಬರೀ ಕಾಗುಣಿತ..." ಎನ್ನುವಷ್ಟರಲ್ಲಿ ಯಾರೋ ಅವನ ಮುಖಕ್ಕೆ ಅಂಪೈರಿನ ಜಾಲರಿ ಬಿಗಿದಾಗಿತ್ತು. ಬೇಕರಿಯವರೂ ತಕರಾರು ತೆಗೆಯಲಿಲ್ಲ. ಅವರ ಪಿಚರ್, ಎಂದರೆ ಚೆಂಡೆಸೆಯುವವನು, ಇವನ ಹೆಂಡತಿಯ ಅಣ್ಣ.

ಈ ಭಾವನೋ, ಬಿಸಿ ತಟ್ಟೆ ಬರಿಗೈಲಿ ಹಿಡಿದವನಂತೆ ಒಂದು ಕ್ಷಣ ಸುಮ್ಮನೆ ನಿಲ್ಲದ ಆಸಾಮಿ. ಆಟದ ನಿಯಮವೋ, ಬೇಸಿನಲ್ಲಿ ಎದುರಾಳಿ ಓಟಗಾರ ಇದ್ದಾಗ ಪಿಚರ್ ಎಸೆಯಲು ಹೊರಟು ನಡುವೆ ನಿಂತರೆ ಅದು 'ಬಾಕ್'. ಓಟಗಾರನಿಗೆ ಒಂದು ಬೇಸ್ ಪುಕ್ಕಟೆ; ಇಂಥ ನಾಲ್ಕು ನೆಲೆ ಮುಟ್ಟಿದರೆ ಒಂದು ರನ್.

ಕೊನೆಯ ಸುತ್ತು. ಎರಡೂ ಕಡೆ ಸಮ. ಪ್ರೆಸ್ಸಿನ ಓಟಗಾರ ಮೂರನೇ ಬೇಸಿನಲ್ಲಿ. ಇನ್ನೊಂದು ಬೇಸ್ ಸಿಕ್ಕರೆ ಪ್ರೆಸ್ ಗೆದ್ದಂತೆ. ಭಾವ ಎರಡೂ ಕೈ ಎದೆಗೆ ತಂದು ನಿಂತ. ಭುಜ ಪುಟಕ್ಕನೆ ಕುಣಿಯಿತು. ಚೆಂಡು ಮಾತ್ರ ಕೈ ಬಿಡಲಿಲ್ಲ.

"ಬಾಕ್!" ಪ್ರೆಸ್ಸಿನವರು ಅರಚಿದರು.

"ನೊಣ ಕೂತಿತ್ತು!" ಬೇಕರಿಯವರು ಅದಕ್ಕಿಂತ ಜೋರಾಗಿ ಅರಚಿದರು.

ಅಂಪೈರನ ಕೈ ಕಿವಿಯವರೆಗೆ ಏರಿತು, ನಿಂತಿತು, ಇಳಿಯಿತು.

"ನೋಡ್ರೋ, ಅಂಪೈರೇ ಬಾಕ್ ಮಾಡ್ದ!" ಎಂದು ಯಾರೋ ಕೂಗಿದರು. ಮೈದಾನವೆಲ್ಲ ನಗು.

ಅಷ್ಟರಲ್ಲಿ ಭಾವ ಓಡಿ ಬಂದ. "ಭುಜ ನಡುಗೋದು ನಮ್ಮ ವಂಶದ್ದೇ ಕಣೋ. ಬೇಕಾದ್ರೆ ನಿನ್ನ ಹೆಂಡ್ತೀನ ಕೇಳು."

"ಹೌದೂರೀ, ನಮ್ಮಪ್ಪಂಗೂ ಇತ್ತು!" ಬೆಂಚಿನಿಂದ ಹೆಂಡತಿಯ ಸಾಕ್ಷಿ.

"ನಡುಕ ಅಪ್ಪಂದಾಗ್ಲಿ ತಾತಂದಾಗ್ಲಿ, ಪುಸ್ತಕ ಏನ್ ಹೇಳತ್ತೆ ನೋಡು!" ಯಜಮಾನರು ಪುಟ ತೆರೆದು ಮೂಗಿಗೇ ಹಿಡಿದರು.

'ಎಸೆತಕ್ಕೆ ಸಂಬಂಧಿಸಿದ ಚಲನೆ' ಎಂದಿತ್ತು. ಆ ಸಾಲನ್ನು ಅವನು ಮೂರು ಸಲ ತಿದ್ದಿದ್ದ. ಅದರ ಅರ್ಥದ ಕಡೆ ಕಣ್ಣು ಹೋದದ್ದು ಇದೇ ಮೊದಲು. ನಡುಕವಾದರೆ ತಪ್ಪಲ್ಲ. ಎಸೆಯಹೊರಟು ನಿಂತಿದ್ದರೆ ತಪ್ಪು. ಅದು ಗೊತ್ತಿರುವುದು ಭುಜದ ಒಡೆಯನಿಗೆ ಮಾತ್ರ.

"ಭಾವ, ನಿಜ ಹೇಳಿ. ಎಸೆಯೋಕೆ ಹೊರಟಿದ್ರಾ?"

"ಹೊರಟಿದ್ದೆ..." ಭಾವ ತಲೆ ಕೆರೆದುಕೊಂಡ. "ಯಾಕೋ ಬೇಡ ಅನ್ನಿಸ್ತು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

"ಬಾಕ್!" ಈ ಸಲ ಅಂಪೈರನ ಕೈ ಪೂರ್ತಿ ಮೇಲೇರಿತು. ಪ್ರೆಸ್ ಗೆದ್ದಿತು. ಭಾವ ಮುಖ ತಿರುಗಿಸಿದ. ಹೆಂಡತಿ ಚಪ್ಪಲಿ ಮೆಟ್ಟಿ ಒಬ್ಬಳೇ ಹೊರಟೇಬಿಟ್ಟಳು.

ಮನೆಯಲ್ಲಿ ಉಳಿಗಾಲವಿಲ್ಲ, ಪ್ರೆಸ್ಸಿನಲ್ಲಾದರೂ ನೆಮ್ಮದಿ ಸಿಕ್ಕೀತು ಎಂದುಕೊಳ್ಳುವಾಗ ಯಜಮಾನರು ಬಂದು ತಬ್ಬಿಕೊಂಡರು. "ಭೇಷ್! ಹೆಂಡ್ತಿ ಅಣ್ಣ ಅಂತಾನೂ ನೋಡ್ಲಿಲ್ಲ! ಇಂಥ ಅಂಪೈರೇ ಬೇಕು ಅಂತ ಫೈನಲ್‌ನಲ್ಲಿ ನಮ್ಮೆದುರು ಆಡೋರು ಪಟ್ಟು ಹಿಡಿದಿದ್ದಾರೆ. ಬರೋ ವಾರಾನೂ ನೀನೇ."

"ಆಗಲಿ ಸಾರ್," ಎಂದ ಅವನು ಹಿಗ್ಗಿ. "ನಮ್ಮ ಕಡೆ ಪಿಚರ್ ಇವತ್ತಿನ ಹುಡುಗನೇ ತಾನೇ?"

"ಇಲ್ಲ, ಫೈನಲ್‌ಗೆ ನಾನೇ ಕಣಯ್ಯಾ!" ಯಜಮಾನರು ತೋಳು ಮಡಚಿದರು. "ಹೋದ ವರ್ಷ ನಮ್ಮ ಪ್ರೆಸ್ಸಿನವನೇ ಒಬ್ಬ ಅಂಪೈರಾಗಿ ನನ್ಮೇಲೆ ಏಳು ಸಲ ಬಾಕ್ ಕೂಗಿದ್ದ. ಅವನನ್ನ ಕೆಲಸದಿಂದ ಕಳಿಸಿದ ಮೇಲೆ ಖಾಲಿಯಾದ ಕುರ್ಚಿಗೇ ಅಲ್ವಾ ನಿನ್ನ ತಗೊಂಡಿದ್ದು?"